ಜೀವಿಗೂ ನೆಲಕ್ಕೂ ಹೆಸರು: ಜೀವಿಪರಿಸರಗಳ ವರ್ಗೀಕರಣ



ಹಳ್ಳದ ದಂಡೆಯಲ್ಲಿ, ದೇವಾಲಯದ ಆವರಣದಲ್ಲಿ ಬೆಳೆಯುವ ಅತ್ತಿಮರವನ್ನು ಅರಿಯದ ಕನ್ನಡಿಗರು ವಿರಳ. ಉದ್ಯೋಗವನ್ನರಸಿ ಪುಣೆ, ಮುಂಬಯಿಗಳಲ್ಲಿ ನೆಲೆಸಿದವರು ಅದೇ ಮರವನ್ನು ಅಲ್ಲಿಯೂ ಕಾಣುತ್ತಾರೆ. ಆದರೆ ಅಲ್ಲಿ ಅದರ ಹೆಸರು ಉಂಬರ. ಹೈದರಾಬಾದಿನಲ್ಲಿ ಅದು ಮೇಡಿ, ದೆಹಲಿಯಲ್ಲಿ ಗೂಲರ್. ಚೆನ್ನೈನಲ್ಲಿ ಮಾತ್ರ ಕನ್ನಡದಂತೆಯೇ ಅತ್ತಿ. ಮರವೊಂದೇ, ಹೆಸರುಗಳು ಹಲವು. ಈ ತೊಡಕನ್ನು ಪರಿಹರಿಸಲೆಂದೇ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್, 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ನೀಡಿದನು. ಅತ್ತಿಗೆ ಅಂದು ದೊರೆತ ಹೆಸರು ಫೈಕಸ್ ರೆಸಿಮೋಸ. ಇಂದಿಗೂ ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಅದನ್ನು ಅದೇ ಹೆಸರಿನಿಂದ ಗುರುತಿಸುತ್ತಾನೆ.

ಈ ಜೋಡಿ ಹೆಸರು ಕೇವಲ ಗುರುತಿನ ಚೀಟಿಯಲ್ಲ. ಅದು ಬಂಧುತ್ವವನ್ನೂ ತಿಳಿಸುತ್ತದೆ. ಮೊದಲ ಪದವು ಜಾತಿಯನ್ನು ಸೂಚಿಸಿದರೆ ಎರಡನ್ನೂ ಕೂಡಿಸಿ ಓದಿದಾಗ ಪ್ರಭೇದ ತಿಳಿಯುತ್ತದೆ. ಆಲ, ಅರಳಿ, ಅತ್ತಿ ಈ ಮೂರೂ ಫೈಕಸ್ ಜಾತಿಗೆ ಸೇರಿದವು. ಒಂದು ಮೆಟ್ಟಿಲು ಮೇಲೇರಿದರೆ ಹಲಸು ಮತ್ತು ಹಿಪ್ಪುನೇರಳೆಗಳೂ ಇವುಗಳ ಕುಟುಂಬಕ್ಕೆ ಸೇರುತ್ತವೆ. ಹೀಗೆ ಪ್ರಭೇದ, ಜಾತಿ, ಕುಟುಂಬ, ಗಣ, ವರ್ಗ, ವಂಶ, ಸಾಮ್ರಾಜ್ಯ ಎಂದು ಏರುತ್ತ ಹೋಗುವ ಸೋಪಾನದಲ್ಲಿ ಪ್ರತಿಯೊಂದು ಜೀವಿಗೂ ಒಂದು ಸ್ಥಾನವಿದೆ. ಜ್ಞಾನ ಬೆಳೆದಂತೆ ಈ ಸೋಪಾನವೂ ಪರಿಷ್ಕಾರಗೊಂಡಿದೆ. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳನ್ನು ಪ್ರತಿಪಾದಿಸಿದನು. 1990ರಲ್ಲಿ ಕಾರ್ಲ್ ವೋಸ್ ಮತ್ತು ಸಂಗಡಿಗರು ಜೀವಕೋಶದ ಅಣುಗಳ ಆಧಾರದ ಮೇಲೆ ಎಲ್ಲ ಜೀವಿಗಳನ್ನೂ ಮೂರು ಮಹಾವಿಭಾಗಗಳಲ್ಲಿ ಇರಿಸಿದರು.

ಆದರೆ ಯಾವ ಜೀವಿಯೂ ಒಂಟಿಯಾಗಿ ಬದುಕುವುದಿಲ್ಲ. ಅತ್ತಿಯ ಹೂಗಳು ಕಾಯಿಯಂತೆ ಕಾಣುವ ಗೊಂಚಲಿನ ಒಳಗೇ ಅಡಗಿರುತ್ತವೆ. ಅವುಗಳಿಗೆ ಪರಾಗವನ್ನು ಒಯ್ಯುವುದು ಒಂದು ಸಣ್ಣ ಕಣಜ. ಆ ಕಣಜಕ್ಕೆ ಮೊಟ್ಟೆಯಿಡಲು ಅತ್ತಿಯ ಕಾಯಿಯಲ್ಲದೆ ಬೇರೆ ತಾಣವಿಲ್ಲ. ಹಣ್ಣನ್ನು ತಿನ್ನುವ ಬಾವಲಿ, ಮಂಗಟ್ಟೆ, ಕೋತಿಗಳು ಬೀಜವನ್ನು ದೂರಕ್ಕೆ ಸಾಗಿಸುತ್ತವೆ. ಜೀವಿಗಳು ಹಾಗೂ ಅವುಗಳನ್ನು ಸುತ್ತುವರಿದ ನೀರು, ಮಣ್ಣು, ಗಾಳಿ, ಬೆಳಕು ಇವೆಲ್ಲ ಸೇರಿ ಒಂದೇ ವ್ಯವಸ್ಥೆಯಾಗಿ ವರ್ತಿಸುತ್ತವೆ ಎಂಬುದನ್ನು ಗುರುತಿಸಿ, 1935ರಲ್ಲಿ ಇಂಗ್ಲೆಂಡಿನ ಎ. ಜಿ. ಟಾನ್ಸ್ಲಿ ಅದಕ್ಕೆ 'ಇಕೋಸಿಸ್ಟಮ್' ಎಂಬ ಪದವನ್ನು ಬಳಕೆಗೆ ತಂದನು. ಅದೇ ಕನ್ನಡದ ಜೀವಿಪರಿಸರ ವ್ಯವಸ್ಥೆ.

ಜೀವಿಗಳನ್ನು ವಿಂಗಡಿಸುವುದಕ್ಕಿಂತ ಜೀವಿಪರಿಸರಗಳನ್ನು ವಿಂಗಡಿಸುವುದು ಕಷ್ಟ. ಆಲ ಮತ್ತು ಅತ್ತಿಗಳಿಗೆ ಸಮಾನ ಪೂರ್ವಜರಿದ್ದಾರೆ. ಎರಡು ಕಾಡುಗಳಿಗೆ ಅಂತಹ ವಂಶಾವಳಿ ಇಲ್ಲ. ಕಾಡು ಎಲ್ಲಿ ಮುಗಿಯಿತು, ಹುಲ್ಲುಗಾವಲು ಎಲ್ಲಿ ಆರಂಭವಾಯಿತು ಎಂಬುದಕ್ಕೆ ಎಲ್ಲೆಕಲ್ಲೂ ಇಲ್ಲ. ಆದರೂ ನೆಲವನ್ನು ಗುರುತಿಸಿ ಹೆಸರಿಡುವ ಪ್ರಯತ್ನ ಬಹು ಪುರಾತನವಾದುದು. ಚರಕ ಸಂಹಿತೆಯು ಭೂಮಿಯನ್ನು ಶುಷ್ಕವಾದ ಜಾಂಗಲ, ಜಲಸಮೃದ್ಧವಾದ ಆನೂಪ ಮತ್ತು ಇವೆರಡರ ನಡುವಣ ಸಾಧಾರಣ ಎಂದು ವಿಂಗಡಿಸಿತು. ತಮಿಳಿನ ಸಂಗಂ ಸಾಹಿತ್ಯವು ಬೆಟ್ಟ, ಕಾಡು, ಬೇಸಾಯದ ಬಯಲು, ಕಡಲತೀರ, ಬರಡು ಎಂಬ ಐದು ನೆಲೆಗಳನ್ನು ಕಂಡಿತು. ಉತ್ತರ ಕನ್ನಡ ಜಿಲ್ಲೆಯ ರೈತನು ಕಾನು, ಬೆಟ್ಟ, ಬೇಣ ಎಂದು ಪ್ರತ್ಯೇಕಿಸಿ ಹೇಳುತ್ತಾನೆ. ಕಾನು ನಿತ್ಯಹಸಿರಿನ ದಟ್ಟ ಕಾಡು, ಬೆಟ್ಟ ತೋಟಕ್ಕೆ ಸೊಪ್ಪು ನೀಡುವ ನೆಲ, ಬೇಣ ಹುಲ್ಲಿನ ತಾಣ.

ಆಧುನಿಕ ವಿಜ್ಞಾನವು ಇದೇ ಕಾರ್ಯವನ್ನು ಅಳತೆಗಳ ಆಧಾರದ ಮೇಲೆ ಮುಂದುವರಿಸಿತು. 1876ರಲ್ಲಿ ಆಲ್ಫ್ರೆಡ್ ರಸೆಲ್ ವಾಲೆಸ್ ಪ್ರಾಣಿಗಳ ಹಂಚಿಕೆಯನ್ನನುಸರಿಸಿ ಭೂಮಂಡಲವನ್ನು ಆರು ಪ್ರದೇಶಗಳಾಗಿ ವಿಭಾಗಿಸಿದನು. ಭಾರತದ ಅರಣ್ಯಗಳನ್ನು ಚಾಂಪಿಯನ್ 1936ರಲ್ಲಿ ವರ್ಗೀಕರಿಸಿದನು. ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಅದನ್ನು ಪರಿಷ್ಕರಿಸಿ, ಮಳೆ ಮತ್ತು ಉಷ್ಣತೆಗಳನ್ನು ಮುಖ್ಯವಾಗಿ ಗಮನಿಸಿ, 16 ಪ್ರಮುಖ ಬಗೆಗಳನ್ನು ನಿರ್ಧರಿಸಿದರು. 1988ರಲ್ಲಿ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ರಾಜರ್ಸ್ ಮತ್ತು ಪನ್ವರ್ ದೇಶವನ್ನು ಹಿಮಾಲಯ, ಮರುಭೂಮಿ, ಪಶ್ಚಿಮ ಘಟ್ಟ, ದಖನ್ ಪರ್ಯಾಯದ್ವೀಪ, ಕರಾವಳಿ, ದ್ವೀಪಸಮೂಹ ಮುಂತಾದ 10 ಜೀವಭೌಗೋಳಿಕ ವಲಯಗಳಾಗಿ ಗುರುತಿಸಿದರು. ಪ್ರತಿಯೊಂದು ವಲಯದಲ್ಲಿಯೂ ಸಂರಕ್ಷಿತ ಪ್ರದೇಶಗಳಿವೆಯೇ, ಎಲ್ಲಿ ಕೊರತೆಯಿದೆ ಎಂಬುದನ್ನು ಅರಿಯುವುದೇ ಈ ವಿಂಗಡಣೆಯ ಉದ್ದೇಶವಾಗಿತ್ತು.

ಇಡೀ ಜಗತ್ತಿಗೆ ಅನ್ವಯಿಸುವ ವರ್ಗೀಕರಣವನ್ನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು 2020ರಲ್ಲಿ ಪ್ರಕಟಿಸಿತು. ನೆಲ, ಸಿಹಿನೀರು, ಸಾಗರ, ಭೂಗರ್ಭ ಮತ್ತು ಇವು ಪರಸ್ಪರ ಸಂಧಿಸುವ ತಾಣಗಳನ್ನು ಒಳಗೊಂಡ ಈ ಪದ್ಧತಿಯಲ್ಲಿ ಆರು ಹಂತಗಳಿವೆ. ಮೇಲಿನ ಮೂರು ಹಂತಗಳು ವ್ಯವಸ್ಥೆಯ ಕಾರ್ಯವಿಧಾನವನ್ನು ನೋಡುತ್ತವೆ. ಕೆಳಗಿನ ಹಂತಗಳು ಅಲ್ಲಿ ವಾಸಿಸುವ ಪ್ರಭೇದಗಳನ್ನು ನೋಡುತ್ತವೆ. ಅಮೆಜಾನಿನ ಮಳೆಕಾಡಿನ ಮರಗಳೇ ಬೇರೆ, ಪಶ್ಚಿಮ ಘಟ್ಟದ ಮರಗಳೇ ಬೇರೆ. ಆದರೆ ಹೇರಳವಾದ ಮಳೆ, ವರ್ಷವಿಡೀ ಹಸಿರು, ಹಲವು ಅಂತಸ್ತುಗಳ ಮೇಲ್ಚಾವಣಿ ಇವುಗಳಿಂದಾಗಿ ಎರಡೂ ಒಂದೇ ಬಗೆಯಲ್ಲಿ ಕಾರ್ಯನಿರ್ವಹಿಸುತ್ತವೆ. ಆದುದರಿಂದ ಮೇಲಿನ ಹಂತದಲ್ಲಿ ಅವು ಒಂದಾಗಿ, ಕೆಳಗಿನ ಹಂತದಲ್ಲಿ ಬೇರೆಯಾಗುತ್ತವೆ. ಗದ್ದೆ, ತೋಟ, ನಗರಗಳಿಗೂ ಇದರಲ್ಲಿ ಸ್ಥಾನವಿದೆ.

ಇಷ್ಟೆಲ್ಲ ಶ್ರಮದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಹೆಸರು ತಪ್ಪಿದರೆ ನೆಲದ ಗತಿಯೇ ತಪ್ಪುತ್ತದೆ ಎಂಬುದೇ ಇದಕ್ಕೆ ಉತ್ತರ. ದಖನ್ನಿನ ಹುಲ್ಲುಗಾವಲುಗಳ ಕಥೆ ಇದಕ್ಕೆ ನಿದರ್ಶನ. ಹಳ್ಳಿಗರು ಇವನ್ನು ಗೋಮಾಳ, ಕಾವಲು ಎಂದು ಕರೆದರು. ಆ ಹೆಸರುಗಳಲ್ಲಿ ನೆಲದ ಉಪಯೋಗವೇ ಅಡಗಿತ್ತು. ಕಂದಾಯ ತಾರದ ನೆಲವೆಲ್ಲ ವ್ಯರ್ಥವೆಂದು ಬ್ರಿಟಿಷರ ಆಡಳಿತ ಭಾವಿಸಿತು. 'ಪಾಳುಭೂಮಿ' ಎಂಬ ಆ ಹೆಸರು ಸ್ವಾತಂತ್ರ್ಯಾನಂತರವೂ ಕಡತಗಳಲ್ಲಿ ಉಳಿಯಿತು. ಪಾಳುಭೂಮಿಗಳಲ್ಲಿ ಮರ ಬೆಳೆಸುವ ಸದುದ್ದೇಶದಿಂದ 1985ರಲ್ಲಿ ರಾಷ್ಟ್ರೀಯ ಮಂಡಲಿಯೊಂದು ಸ್ಥಾಪನೆಯಾಯಿತು. 2019ರ ಪಾಳುಭೂಮಿ ನಕಾಶೆಯ ಪ್ರಕಾರ 2015-16ರಲ್ಲಿ ದೇಶದ ಸುಮಾರು 5.58 ಕೋಟಿ ಹೆಕ್ಟೇರು, ಎಂದರೆ ಸುಮಾರು ಶೇಕಡಾ 17ರಷ್ಟು ನೆಲ ಈ ಪಟ್ಟಿಯಲ್ಲಿತ್ತು. ಸವುಳು, ಕೊರಕಲುಗಳೊಂದಿಗೆ ಕುರುಚಲು ಬಯಲುಗಳೂ ಅದರಲ್ಲಿ ಸೇರಿದ್ದವು.

ಕುರುಚಲು ಬಯಲು ವ್ಯರ್ಥವೆಂಬುದು ನಿಜವೇ? ಕೃಷ್ಣಮೃಗ, ತೋಳ, ನರಿಗಳ ನೆಲೆ ಅದೇ. ಎರೆಬೂತ ಎಂಬ ದೊಡ್ಡ ಹಕ್ಕಿ ಬಯಲಿನ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ; ಶತ್ರುವನ್ನು ದೂರದಿಂದಲೇ ಕಾಣಲು ಅದಕ್ಕೆ ತೆರೆದ ನೋಟ ಬೇಕು. ಅಲ್ಲಿ ಸಾಲುಮರಗಳನ್ನು ನೆಟ್ಟರೆ ಅದರ ಮನೆಯನ್ನು ಕೆಡವಿದಂತೆಯೇ. ಸೊಲ್ಲಾಪುರದ ಬಳಿಯ ನಾನ್ನಜ್, ಬಳ್ಳಾರಿ ಜಿಲ್ಲೆಯ ಸಿರುಗುಪ್ಪಗಳ ಬಯಲಿನಲ್ಲಿ ಕಾಣುತ್ತಿದ್ದ ಈ ಪಕ್ಷಿಯನ್ನು 2011ರಲ್ಲಿ 'ಅತಿ ಗಂಭೀರ ಅಪಾಯ'ದ ಪಟ್ಟಿಗೆ ಸೇರಿಸಲಾಯಿತು. ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವವು 200ಕ್ಕೂ ಕಡಿಮೆಯೆಂದು ಅಂದಾಜು. ವಿದ್ಯುತ್ ತಂತಿ, ಬೇಟೆ, ಬೇಸಾಯದ ವಿಸ್ತರಣೆಗಳೂ ಇದಕ್ಕೆ ಕಾರಣಗಳೇ. ಆದರೆ ನೆಲಕ್ಕೆ ಅಂಟಿದ ಹೆಸರು ಆ ಕಾರಣಗಳಿಗೆ ಬಾಗಿಲು ತೆರೆಯಿತು. ಹಕ್ಕಿಗೆ ಲಿನೇಯಸ್ ಕ್ರಮದ ಹೆಸರು ದೊರೆತಿತ್ತು, ಕಾನೂನಿನ ರಕ್ಷಣೆಯೂ ದೊರೆತಿತ್ತು. ಅದರ ನೆಲೆಗೆ ಮಾತ್ರ ಸರಿಯಾದ ಹೆಸರು ದೊರೆಯಲಿಲ್ಲ. ಹೊಸ ಜಾಗತಿಕ ವರ್ಗೀಕರಣದಲ್ಲಿ ಸವನ್ನ ಮತ್ತು ಹುಲ್ಲುಗಾವಲುಗಳು ಕಾಡಿಗೆ ಸಮನಾದ, ಸ್ವತಂತ್ರವಾದ ಒಂದು ವಿಭಾಗ. ಹುಲ್ಲು ತನ್ನ ಇಂಗಾಲವನ್ನು ಬಹುಪಾಲು ಬೇರು ಮತ್ತು ಮಣ್ಣಿನಲ್ಲಿ ಸಂಗ್ರಹಿಸುವುದರಿಂದ ಅದು ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ನಗರಗಳಲ್ಲಿಯೂ ಇದೇ ಪಾಠವಿದೆ. ಚೆನ್ನೈನ ಪಳ್ಳಿಕರಣೈ ಜೌಗು ಪ್ರದೇಶದ ಒಂದು ಭಾಗ ಬಹುಕಾಲ ಕಸ ಸುರಿಯುವ ತಾಣವಾಗಿತ್ತು. ಮಳೆನೀರನ್ನು ಹಿಡಿದಿಟ್ಟು ಪ್ರವಾಹವನ್ನು ತಗ್ಗಿಸುವ ಆ ಜೌಗಿಗೆ 2022ರಲ್ಲಿ ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ರಾಜಹಂಸಗಳು ಬಂದಿಳಿಯುವ, ಕಾಂಡ್ಲಾ ಕಾಡುಗಳಿಂದ ಆವೃತವಾದ ಮುಂಬಯಿಯ ಬಳಿಯ ಠಾಣೆ ಖಾರಿಗೂ ಅದೇ ವರ್ಷ ಈ ಮನ್ನಣೆ ಸಂದಿತು. ದೆಹಲಿಯ ರಿಜ್ ಅರಾವಳಿ ಶ್ರೇಣಿಯ ಉತ್ತರದ ತುದಿ; ಅದರ ಮುಳ್ಳುಕಾಡು ಒಣನೆಲದ ಸಹಜ ಸಂಪತ್ತೇ ಹೊರತು ಹಾಳುಬಿದ್ದ ಉದ್ಯಾನವಲ್ಲ.

ಈ ಕಾರ್ಯ ವಿಜ್ಞಾನಿಗಳಿಗಷ್ಟೇ ಸೀಮಿತವಾದುದಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಗ್ರಾಮ ಪಂಚಾಯಿತಿ, ನಗರಸಭೆ, ಮಹಾನಗರಪಾಲಿಕೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯ ರಚನೆಗೆ ಅವಕಾಶ ಕಲ್ಪಿಸಿದೆ. ಸ್ಥಳೀಯರ ನೆರವಿನಿಂದ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕರ್ತವ್ಯ. ಅದರಲ್ಲಿ ಮರ, ಹಕ್ಕಿ, ಮೀನುಗಳ ಹೆಸರುಗಳೊಂದಿಗೆ ಕೆರೆ, ಕುರುಚಲು, ಗೋಮಾಳ, ಬಂಡೆಗುಡ್ಡಗಳ ಸ್ಥಳೀಯ ಹೆಸರುಗಳೂ ಸೇರಬೇಕು. ಹೊರನಾಡಿನ ಕನ್ನಡಿಗರು ತಮ್ಮ ಊರಿನ ನೆನಪನ್ನೂ ನೆಲೆಸಿದ ನಾಡಿನ ಪರಿಚಯವನ್ನೂ ಕೂಡಿಸಿ ಈ ದಾಖಲೆಗೆ ನೆರವಾಗಬಲ್ಲರು. ಬಾಲ್ಯದಲ್ಲಿ ಕಂಡ ಅತ್ತಿಯನ್ನು ಉಂಬರದಲ್ಲಿ ಗುರುತಿಸಬಲ್ಲ ಕಣ್ಣಿಗೆ, ಪಾಳೆಂದು ಬರೆದಿಟ್ಟ ಬಯಲಿನಲ್ಲಿ ಕಾವಲನ್ನು ಗುರುತಿಸುವುದು ಕಷ್ಟವಾಗಲಾರದು.