ದೀಪಗಳಿಗೆ ಆಜ್ಞೆ ಹೋಗುವ ದಾರಿ



ಬಳ್ಳಾರಿ ಸೀಮೆಯ ಬಯಲಾಟಕ್ಕೆ ಹಿಂದೆ ಪಂಜಿನ ಬೆಳಕು ಸಾಕಾಗಿತ್ತು. ಪಂಜು ಹಿಡಿದವನಿಗೆ ಬಾಯಲ್ಲಿ ಹೇಳಿದರೆ ಮುಗಿಯಿತು. ಇಂದು ಹಂಪೆಯ ಉತ್ಸವದಲ್ಲಿ ರಂಗದಿಂದ ಬಹು ದೂರ ಕುಳಿತವನೊಬ್ಬನು ಬೆರಳನ್ನು ಸರಿಸಿದೊಡನೆ ಹತ್ತಾರು ದೀಪಗಳು ಕೆಂಪಿನಿಂದ ನೀಲಿಗೆ ತಿರುಗುತ್ತವೆ. ಅವು ಅವನ ಮಾತನ್ನು ಕೇಳುವ ಬಗೆ ಹೇಗೆ?

ಈಗಿನ ದೀಪಕ್ಕೆ ಎರಡು ತಂತಿಗಳುಂಟು. ಒಂದು ವಿದ್ಯುತ್ತನ್ನು ಒಯ್ಯುತ್ತದೆ, ಮತ್ತೊಂದು ಆಜ್ಞೆಯನ್ನು. ಆಜ್ಞೆಯ ಪದ್ಧತಿಗೆ ಡಿಎಂಎಕ್ಸ್ ೫೧೨ ಎಂದು ಹೆಸರು. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಇದನ್ನು ರೂಪಿಸಿದುದು ೧೯೮೬ರಲ್ಲಿ. ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದೂ ಅದೇ ವರ್ಷ.

ಒಂದು ತಂತಿಯಲ್ಲಿ ೫೧೨ ಮನೆಗಳು. ಒಂದೊಂದರಲ್ಲಿಯೂ ೦ಯಿಂದ ೨೫೫ರವರೆಗೆ ಒಂದು ಅಂಕ. ಕೆಂಪು, ಹಸುರು, ನೀಲಿ, ಪ್ರಖರತೆ ಎಂದು ನಾಲ್ಕು ಮನೆಗಳನ್ನು ಬೇಡುವ ದೀಪವು ೧ರಲ್ಲಿ ನಿಂತರೆ ಅದರ ನೆರೆಯದು ೫ರಲ್ಲಿ ನಿಲ್ಲಬೇಕು. ನಿಯಂತ್ರಕವು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಇಡೀ ಪಟ್ಟಿಯನ್ನು ಸೆಕೆಂಡಿಗೆ ಸುಮಾರು ೪೦ ಸಾರಿ ಓದುತ್ತ ಹೋಗುತ್ತದೆ. ದೀಪವು ಎಣಿಸುತ್ತ ತನ್ನ ಮನೆಯ ಅಂಕವನ್ನು ಹೆಕ್ಕಿಕೊಳ್ಳುತ್ತದೆ. ಮೂಲ ಪದ್ಧತಿಯಲ್ಲಿ ದೀಪಕ್ಕೆ ಉತ್ತರ ಕೊಡುವ ಬಾಯಿಲ್ಲ. ಆದುದರಿಂದಲೇ ತಂತಿಯನ್ನು ಎಳೆಯುವವನ ಹೊಣೆ ದೊಡ್ಡದು.

ತಂತಿಯು ನಿಯಂತ್ರಕದಿಂದ ಮೊದಲ ದೀಪಕ್ಕೆ, ಅದರಿಂದ ಎರಡನೆಯದಕ್ಕೆ, ಹೀಗೆ ಸಾಲಾಗಿ ಸಾಗಬೇಕು. ಒಂದು ಸಾಲಿಗೆ ೩೨ ದೀಪ ಮಿತಿ. ನಡುವೆ ತಂತಿಯನ್ನು ಸುಮ್ಮನೆ ಕವಲೊಡೆಯಿಸಲಾಗದು; ಅದಕ್ಕೆ ಬೇರೆ ಪೆಟ್ಟಿಗೆಯೇ ಉಂಟು. ಕಡೆಯ ದೀಪದಲ್ಲಿ ೧೨೦ ಓಮ್ ನಿರೋಧಕವನ್ನು ಸಿಕ್ಕಿಸಿ ತುದಿಯನ್ನು ಮುಚ್ಚಬೇಕು. ಹೇಮಕೂಟದ ಬಂಡೆಗಳ ನಡುವೆ ಕೂಗಿದವರಿಗೆ ಇದರ ಕಾರಣ ಬೇಗ ಹೊಳೆದೀತು: ಮುಚ್ಚದ ತುದಿಗೆ ತಾಕಿದ ಆಜ್ಞೆಯು ಪ್ರತಿಧ್ವನಿಯಾಗಿ ಹಿಂದಿರುಗಿ ಹೊಸ ಆಜ್ಞೆಯೊಡನೆ ಬೆರೆಯುತ್ತದೆ. ದೀಪ ಮಿಣುಕುತ್ತದೆ, ಜನ ದೀಪವನ್ನೇ ಬಯ್ಯುತ್ತಾರೆ!

ಇನ್ನೊಂದು ಮೋಸ ಮೈಕಿನ ತಂತಿಯದು. ಪದ್ಧತಿಯು ವಿಧಿಸುವುದು ಐದು ಕಡ್ಡಿಯ ಕೊಂಡಿಯನ್ನು; ಆದರೆ ಅಗ್ಗದ ದೀಪಗಳಿಗೆ ಮೈಕಿನಂತೆಯೇ ಮೂರು ಕಡ್ಡಿ. ಕೊಂಡಿ ಕೂಡುತ್ತದೆ, ತಂತಿಯ ಗುಣ ಕೂಡುವುದಿಲ್ಲ. ಸಭಾಂಗಣದ ಹತ್ತು ಗಜದಲ್ಲಿ ನಡೆದ ಮೈಕಿನ ತಂತಿ ಹಂಪೆಯ ಬಯಲಿನಲ್ಲಿ ಕೈಕೊಡಬಹುದು. ಅಲ್ಲಿ ದೂರ ಅನಿವಾರ್ಯ. ರಕ್ಷಿತ ಸ್ಮಾರಕಕ್ಕೆ ಘಾಸಿಮಾಡುವುದು ೧೯೫೮ರ ಕಾಯಿದೆಯಂತೆ ಶಿಕ್ಷಾರ್ಹ. ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲ. ದೀಪಗಳನ್ನು ಪ್ರತ್ಯೇಕ ಉಕ್ಕಿನ ಕಂಬಗಳ ಮೇಲೆಯೇ ನಿಲ್ಲಿಸಬೇಕಷ್ಟೆ.

ಆ ಕಂಬಗಳಿಗೆ ಭೂಸಂಪರ್ಕವಿಲ್ಲದಿದ್ದರೆ ಕೆಡುವುದು ಆಟವೊಂದೇ ಅಲ್ಲ, ಮುಟ್ಟಿದವನ ಪ್ರಾಣವೂ ಹೋದೀತು. ಈ ವಿಷಯದಲ್ಲಿ ಜಿಪುಣತನವನ್ನು ನಾನು ಕ್ಷಮಿಸಲಾರೆ. ವಿದ್ಯುತ್ತನ್ನು ನಿಲ್ಲಿಸಿಯೇ ಕೊಂಡಿಗಳನ್ನು ಕೂಡಿಸಬೇಕು. ಆಜ್ಞೆಯ ತಂತಿಯನ್ನು ವಿದ್ಯುತ್ತಿನ ತಂತಿಯಿಂದ ದೂರವಿಡಬೇಕು. ದಾಟಿಸಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಿಸಬೇಕು.

ಇಷ್ಟಾದ ಮೇಲೆ, ಪ್ರೇಕ್ಷಕರು ಬರುವ ಮುನ್ನ, ಒಬ್ಬನು ನಿಯಂತ್ರಕದ ಬಳಿ ಕುಳಿತು ಒಂದೊಂದೇ ಮನೆಯ ಅಂಕವನ್ನು ಏರಿಸಲಿ. ಇನ್ನೊಬ್ಬನು ಕಂಬದಿಂದ ಕಂಬಕ್ಕೆ ನಡೆಯುತ್ತ, ಬಾಯಿಲ್ಲದ ದೀಪದ ಪರವಾಗಿ "ಬಂತು" ಎಂದು ಕೂಗಿ ಹೇಳಲಿ.