ಹಿತ್ತಲಿನ ಒಂದು ಮೂಲೆ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಬೇಲಿ ಎಂದರೆ ಲಕ್ಕಿ, ಕಳ್ಳಿ, ಹೊಂಗೆ. ಬುಡದಲ್ಲಿ ಓತಿಕ್ಯಾತ, ಮುಂಗುಸಿ. ಮೇಲೆ ಗುಬ್ಬಿ, ಪಿಕಳಾರ. ಈಗ ತಂತಿ, ಕಾಂಪೌಂಡು ಬಂದಿವೆ. ಬೇಲಿಯ ಜೊತೆಗೆ ಆ ಜೀವಗಳ ಮನೆಯೂ ಹೋಯಿತು.

ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಕುಡಿದೀತು; ಮೊಟ್ಟೆಯಿಡಲು ಮಾತ್ರ ತನ್ನದೇ ಗಿಡ ಬೇಕು. ಕರಿಬೇವು, ನಿಂಬೆಗೆ ಬರುವ ಜಾತಿ ಬೇರೆ, ಎಕ್ಕಕ್ಕೆ ಬರುವ ಜಾತಿ ಬೇರೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮಲೆನಾಡಿನಲ್ಲಿ ಈಶ್ವರಿ ಬಳ್ಳಿಯನ್ನು ಹುಡುಕುತ್ತದೆ. ಕರಿಬೇವಿನ ಎಲೆ ತೂತಾಯಿತೆಂದು ಔಷಧಿ ಹೊಡೆದರೆ ಚಿಟ್ಟೆ ಎಲ್ಲಿಂದ ಬರಬೇಕು? ಗುಬ್ಬಿ ತನ್ನ ಮರಿಗೆ ಉಣಿಸುವುದೂ ಇಂಥ ಹುಳುಗಳನ್ನೇ.

ಅರಸೀಕೆರೆಯ ಒಣನೆಲಕ್ಕೆ ಹೊಂಗೆ, ಬೇವು, ತಂಗಡಿ ಹೊಂದುತ್ತವೆ; ಬೇಲೂರಿನ ಮಲೆನಾಡ ಸೆರಗಿಗೆ ಹಲಸು, ಅತ್ತಿ, ರಂಜ. ನಡುವಿನ ಹಳೇಬೀಡಿನವರು ಎರಡೂ ಕಡೆಯಿಂದ ಆರಿಸಿಕೊಳ್ಳಬಹುದು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮಕ್ಕಳಿಗೆ ಹೇಳಿ. ಒಂದು ಅಗಲವಾದ ತಟ್ಟೆಯಲ್ಲಿ ನೀರಿಡಿ, ದಿನಾ ಬದಲಿಸಿ. ತರಗೆಲೆಗೆ ಬೆಂಕಿ ಹಚ್ಚಬೇಡಿ. ಮರದ ಬುಡಕ್ಕೇ ಹಾಕಿ.

ಶಾಲೆಗೆ 50 ತುಂಬಿದ ನೆನಪಿಗೆ ಪ್ರತಿ ಮನೆಯವರೂ ಹಿತ್ತಲಿನ ಒಂದು ಮೂಲೆಯನ್ನು ಈ ಜೀವಗಳಿಗೆ ಬಿಟ್ಟುಕೊಡಿ. ಇದು ನನ್ನ ಪ್ರಾರ್ಥನೆ.