ಶಿಫ್ಟ್ ಆಗಿದ್ದು ಯಾರು, ಮಾಡಿದ್ದು ಯಾರು?

ಯಾವುದೇ ನ್ಯೂಸ್ ಚಾನೆಲ್ ಹಾಕಿ, ಪರದೆಯ ಕೆಳಗೆ ಓಡುವ ಪಟ್ಟಿಯನ್ನು ಒಂದು ಗಂಟೆ ನೋಡಿ. ಗಾಯಾಳು ಆಸ್ಪತ್ರೆಗೆ ಶಿಫ್ಟ್. ಆರೋಪಿ ಜೈಲಿಗೆ ಶಿಫ್ಟ್. ಶಾಸಕರು ರೆಸಾರ್ಟ್‌ಗೆ ಶಿಫ್ಟ್. ಮನೆ ಸಾಮಾನು, ಚಿರತೆ, ಶವ, ಎಲ್ಲವೂ ಶಿಫ್ಟ್. ಇಷ್ಟು ಚಿಕ್ಕ ಇಂಗ್ಲಿಷ್ ಪದ ಇಷ್ಟೆಲ್ಲಾ ಹೊರೆ ಹೊರ್ತಾ ಇದೆಯಲ್ಲ, ಇದು ಬಂದಿದ್ದಾದ್ರೂ ಎಲ್ಲಿಂದ?

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಅರ್ಥ ಸಾಗಿಸು ಅಂತ ಅಲ್ಲವೇ ಅಲ್ಲ. ಹಂಚು, ಪಾಲು ಮಾಡು, ಅಣಿಗೊಳಿಸು ಅಂತ. ಬರ್ತಾ ಬರ್ತಾ ಅದು 'ಬದಲಿಸು' ಆಯ್ತು, ಕೊನೆಗೆ 'ಜಾಗ ಬದಲಿಸು' ಆಯ್ತು. ಕಾರ್ಖಾನೆಯಲ್ಲಿ ಒಂದು ತಂಡ ಹೋಗಿ ಇನ್ನೊಂದು ತಂಡ ಬಂದರೆ ಅದೂ ಶಿಫ್ಟ್. 1878ರ ರೆಮಿಂಗ್ಟನ್ ನಂಬರ್ 2 ಟೈಪ್‌ರೈಟರ್‌ನಲ್ಲಿ ಶಿಫ್ಟ್ ಕೀ ಒತ್ತಿದರೆ ಕಾಗದ ಹಿಡಿದ ಭಾಗ ನಿಜವಾಗಿಯೂ ಸರಿಯುತ್ತಿತ್ತು. ಸಣ್ಣಕ್ಷರದ ಬದಲು ದೊಡ್ಡಕ್ಷರ ಬೀಳುತ್ತಿತ್ತು. ಇವತ್ತು ನಿಮ್ಮ ಮೊಬೈಲ್‌ನಲ್ಲಿ ಏನೂ ಸರಿಯಲ್ಲ, ಹೆಸರು ಮಾತ್ರ ಉಳಿದಿದೆ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲೂ ಗೇರ್ ಶಿಫ್ಟ್, ಬಿಟ್ ಶಿಫ್ಟ್ ಇದ್ದವು. ಆದರೆ ಯಾವುದನ್ನು, ಯಾವ ಕಡೆಗೆ, ಎಷ್ಟು ಅಂತ ಹೇಳದಿದ್ದರೆ ಲೆಕ್ಕವೇ ಮುಂದೆ ಹೋಗಲ್ಲ. ಸುದ್ದಿಯಲ್ಲಿ ಹಾಗಿಲ್ಲ. "ನೂರು ಕುಟುಂಬ ಶಿಫ್ಟ್" ಅಂದರೆ ಮುಗೀತು. ಯಾರು ಕಳಿಸಿದ್ರು, ಅವರು ಒಪ್ಪಿದ್ರಾ, ಹೋದ ಜಾಗದಲ್ಲಿ ನೀರು ಇದೆಯಾ, ಯಾವುದನ್ನೂ ಆ ಪದ ಹೇಳಲ್ಲ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾವಿರಾರು ಕುಟುಂಬಗಳು ಊರು ಬಿಟ್ಟವು. ನಾಡಿಗೆಲ್ಲಾ ಬೆಳಕು ಕೊಟ್ಟವರು ಅವರು. ದಶಕಗಳಾದರೂ ಅವರಲ್ಲಿ ಎಷ್ಟೋ ಜನ ಉಳುವ ಭೂಮಿಯ ಹಕ್ಕುಪತ್ರಕ್ಕೆ ಅಲೆದರು, ಬೀದಿಗಿಳಿದರು. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಜನ ನವನಗರಕ್ಕೆ ಹೋದರು. ಕಡತದ ಭಾಷೆಯಲ್ಲಿ ಇದೆಲ್ಲಾ 'ಸ್ಥಳಾಂತರ'. ಆ ಜನರ ಬಾಯಲ್ಲಿ ಇರೋದು ಒಂದೇ ಪದ: ಮುಳುಗಡೆ. ಆ ಪದದಲ್ಲಿ ಮನೆ ಇದೆ, ಹೊಲ ಇದೆ, ಹಿರಿಯರ ಸಮಾಧಿ ಇದೆ.

ಶಿಫ್ಟ್ ಅನ್ನೋ ಪದ ಬೇಡ ಅಂತ ನಾನು ಹೇಳ್ತಿಲ್ಲ. ಬೀರು, ಫ್ರಿಜ್ ಶಿಫ್ಟ್ ಆಗಲಿ ಬಿಡಿ. ಮನುಷ್ಯರ ವಿಷಯ ಬಂದಾಗ ಮಾತ್ರ ಕನ್ನಡದಲ್ಲಿ ಖಚಿತವಾದ ಪದಗಳಿವೆ. ಆಸ್ಪತ್ರೆಗೆ ಸೇರಿಸಿದರು. ಜೈಲಿಗೆ ಕಳಿಸಿದರು. ಒಕ್ಕಲೆಬ್ಬಿಸಿದರು. ಒಕ್ಕಲೆಬ್ಬಿಸಿದರು ಅಂದ ತಕ್ಷಣ 'ಯಾರು' ಅನ್ನೋ ಪ್ರಶ್ನೆ ತಾನಾಗಿಯೇ ಏಳುತ್ತೆ.

ಮುಂದಿನ ಸಲ ಯಾವುದಾದರೂ ಕೇರಿಯೋ ಊರೋ ಶಿಫ್ಟ್ ಆಯ್ತು ಅಂತ ಟಿವಿಯಲ್ಲಿ ಬಂದಾಗ, ಆ ಪದದ ಹಳೆಯ ಅರ್ಥ ನೆನಪಿಸಿಕೊಳ್ಳಿ: ಪಾಲು ಮಾಡು. ಹೋದವರಿಗೆ ಸಿಕ್ಕ ಪಾಲು ಎಷ್ಟು? ಅದನ್ನ ನಾವು ಕೇಳಬೇಕು, ನೀವೂ ನಮ್ಮನ್ನ ಕೇಳಬೇಕು.